‘ಪಿಕಪ್ ಮಾಡ್’: ಕುಂದಾಪ್ರ ಕನ್ನಡದ ವಾಕ್ಯದಲ್ಲಿ ಇಂಗ್ಲಿಷಿನ ಫ್ರೇಸಲ್ ಕ್ರಿಯಾಪದ

ಇಂಗ್ಲಿಷಿನ ಫ್ರೇಸಲ್ ಕ್ರಿಯಾಪದಗಳನ್ನು ಕನ್ನಡಿಗರಿಗೆ ಕಲಿಸುವ ಕೈಪಿಡಿಗಳು ಸಾಮಾನ್ಯವಾಗಿ ಪಟ್ಟಿಯ ರೂಪದಲ್ಲಿರುತ್ತವೆ. ಎಡಗಡೆ ‘ಗಿವ್ ಅಪ್’, ಬಲಗಡೆ ‘ಬಿಟ್ಟುಬಿಡು’. ಎಡಗಡೆ ‘ಪುಟ್ ಆಫ್’, ಬಲಗಡೆ ‘ಮುಂದೂಡು’. ‘ಲುಕ್ ಆಫ್ಟರ್’ ಎಂದರೆ ‘ನೋಡಿಕೊಳ್ಳು’. ಇಂಥ ಪಟ್ಟಿಗಳ ಹಿಂದೆ ಎರಡು ಗ್ರಹಿಕೆಗಳಿವೆ. ಫ್ರೇಸಲ್ ಕ್ರಿಯಾಪದವೆಂಬುದು ಅರ್ಥದ ಸಮಸ್ಯೆ, ಆದ್ದರಿಂದ ಬಾಯಿಪಾಠದಿಂದ ಬಗೆಹರಿಯುವಂಥದು ಎಂಬುದು ಮೊದಲನೆಯದು. ಕನ್ನಡ ಮಾತನಾಡುವ ವಿದ್ಯಾರ್ಥಿ ಇದನ್ನು ಮೊತ್ತಮೊದಲು ಎದುರಿಸುವುದು ಇಂಗ್ಲಿಷ್ ತರಗತಿಯಲ್ಲಿ ಎಂಬುದು ಎರಡನೆಯದು. ಎರಡೂ ಗ್ರಹಿಕೆಗಳು ಮರುಪರಿಶೀಲನೆಗೆ ಅರ್ಹವಾಗಿವೆ. ಕುಂದಾಪುರ, ಬೈಂದೂರು, ಬ್ರಹ್ಮಾವರ ತಾಲೂಕುಗಳ ಮನೆಗಳಲ್ಲಿ ‘ಆನ್ ಮಾಡ್’, ‘ಆಫ್ ಮಾಡ್’, ‘ಪಿಕಪ್’, ‘ಚೆಕ್ಕಪ್’, ‘ಸೆಟ್ಟಪ್’ ಎಂಬ ಮಾತುಗಳು ಇಂಗ್ಲಿಷ್ ಬಾರದವರ ಬಾಯಲ್ಲೂ ನಲಿದಾಡುತ್ತವೆ. ಮಗು ಇವನ್ನು ಕನ್ನಡವೆಂದೇ ಕಲಿಯುತ್ತದೆ, ಕನ್ನಡದ ವ್ಯಾಕರಣದೊಡನೆಯೇ ಕಲಿಯುತ್ತದೆ. ಹಾಗೆ ಕಲಿತ ವ್ಯಾಕರಣ ಯಾವುದು, ಅದು ಇಂಗ್ಲಿಷ್ ಫ್ರೇಸಲ್ ಕ್ರಿಯಾಪದದ ವ್ಯಾಕರಣಕ್ಕಿಂತ ಎಲ್ಲಿ ಬೇರೆಯಾಗುತ್ತದೆ ಎಂಬುದನ್ನು ನಾವಿಲ್ಲಿ ಪರಿಶೀಲಿಸುತ್ತೇವೆ. ಕನ್ನಡದ ವಾಕ್ಯದೊಳಕ್ಕೆ ಬಂದ ಫ್ರೇಸಲ್ ಕ್ರಿಯಾಪದ ಫ್ರೇಸಲ್ ಕ್ರಿಯಾಪದವಾಗಿ ಉಳಿಯುವುದಿಲ್ಲ, ಅದು ಒಡೆಯಲಾಗದ ಒಂದು ನಾಮವಾಗಿ ಮಾರ್ಪಡುತ್ತದೆ ಎಂಬುದು ನಮ್ಮ ವಾದ. ತರಗತಿಯಲ್ಲಿ ತಪ್ಪೆಂದು ಗುರುತಾಗುವ ಕೆಲವು ಇಂಗ್ಲಿಷ್ ಪ್ರಯೋಗಗಳ ಮೂಲವನ್ನೂ ಈ ಮಾರ್ಪಾಟಿನಲ್ಲೇ ಹುಡುಕಬೇಕು.

ಪ್ರದೇಶದ ಬಗ್ಗೆ ಒಂದು ಮಾತು. ಬೈಂದೂರು ಪ್ರತ್ಯೇಕ ತಾಲೂಕಾಗುವವರೆಗೆ ಕುಂದಾಪುರ ತಾಲೂಕಿನಲ್ಲಿತ್ತು. ಬ್ರಹ್ಮಾವರ ಉಡುಪಿ ತಾಲೂಕಿನಲ್ಲಿತ್ತು. ಆಡಳಿತದ ಗೆರೆಗಳು ಇತ್ತೀಚಿನವು, ಭಾಷೆಯ ಗೆರೆಗಳು ಹಳೆಯವು. ಶಿರೂರಿನಿಂದ ಕೋಟ, ಸಾಲಿಗ್ರಾಮಗಳವರೆಗೆ ಕುಂದಾಪ್ರ ಕನ್ನಡವೇ ಮನೆಮಾತಾಗಿ ಪ್ರಬಲವಾಗಿದ್ದರೆ, ಬ್ರಹ್ಮಾವರದ ಕಡೆಗೆ ಸರಿದಂತೆ ತುಳುವಿನ ಬಲ ಹೆಚ್ಚುತ್ತದೆ. ಕೊಂಕಣಿ ಮೂರೂ ತಾಲೂಕುಗಳಲ್ಲಿ ಹರಡಿಕೊಂಡಿದೆ. ಈ ಬಹುಭಾಷಿಕತೆ ನಮ್ಮ ವಾದಕ್ಕೆ ಮುಂದೆ ಬೇಕಾಗುತ್ತದೆ. ಇಲ್ಲಿ ಉದಾಹರಿಸಿದ ವಾಕ್ಯಗಳು ದಿನಬಳಕೆಯ ಮಾತಿನ ಮಾದರಿಗಳು. ಯಾವ ಪ್ರಯೋಗ ಎಷ್ಟು ಬಾರಿ ಬರುತ್ತದೆಂಬ ಎಣಿಕೆಯಲ್ಲ, ಯಾವ ರಚನೆ ಸಾಧ್ಯ, ಯಾವುದು ಅಸಾಧ್ಯ ಎಂಬುದೇ ಇಲ್ಲಿನ ಪ್ರಶ್ನೆ.

‘ಫ್ರೇಸಲ್ ವರ್ಬ್’ ಎಂಬ ಹೆಸರನ್ನು ಲೋಗನ್ ಪಿಯರ್ಸಲ್ ಸ್ಮಿತ್ 1925ರಲ್ಲಿ ಬಳಕೆಗೆ ತಂದರು. ಡ್ವೈಟ್ ಬೋಲಿಂಜರ್ 1971ರಲ್ಲಿ ಈ ವಿಷಯದ ಮೇಲೆಯೇ ಒಂದು ಗ್ರಂಥವನ್ನು ಪ್ರಕಟಿಸಿದರು. 1985ರಲ್ಲಿ ಬಂದ ಕ್ವರ್ಕ್ ಮತ್ತು ಸಂಗಡಿಗರ ಬೃಹತ್ ವ್ಯಾಕರಣ ಫ್ರೇಸಲ್ ಕ್ರಿಯಾಪದವನ್ನು ಪೂರ್ವಸರ್ಗ ಸಹಿತವಾದ ಕ್ರಿಯಾಪದದಿಂದ ಬೇರ್ಪಡಿಸಿ ನೋಡುತ್ತದೆ. ಈ ಭೇದಕ್ಕೆ ಆಧಾರ ಅರ್ಥವಲ್ಲ, ಪದಗಳ ಚಲನೆ. ಇಂಗ್ಲಿಷಿನಲ್ಲಿ ‘ಪಿಕ್ ಅಪ್ ದ ಚೈಲ್ಡ್’ ಎನ್ನಬಹುದು, ‘ಪಿಕ್ ದ ಚೈಲ್ಡ್ ಅಪ್’ ಎಂದೂ ಎನ್ನಬಹುದು. ಕರ್ಮ ಸರ್ವನಾಮವಾದರೆ ಮಾತ್ರ ಅದು ನಡುವೆಯೇ ಬರಬೇಕು: ‘ಪಿಕ್ ಹಿಮ್ ಅಪ್’ ಸರಿ, ‘ಪಿಕ್ ಅಪ್ ಹಿಮ್’ ತಪ್ಪು. ‘ಲುಕ್ ಆಫ್ಟರ್ ಹಿಮ್’ ಎಂಬಲ್ಲಿ ಇದಕ್ಕೆ ತದ್ವಿರುದ್ಧ. ಅಲ್ಲಿ ‘ಹಿಮ್’ ನಡುವೆ ಬರಲಾರದು. ಅಂದರೆ ‘ಅಪ್’ ಎಂಬ ನಿಪಾತ ಕ್ರಿಯೆಯಿಂದ ಬಿಡಿಸಿಕೊಂಡು ಓಡಾಡಬಲ್ಲದು ಎಂಬುದೇ ಫ್ರೇಸಲ್ ಕ್ರಿಯಾಪದದ ಜೀವಲಕ್ಷಣ. ಪಟ್ಟಿಯ ರೂಪದ ಕೈಪಿಡಿ ಮರೆಮಾಡುವುದು ಇದನ್ನೇ. ‘ಪಿಕ್ ಅಪ್’ ಎಂದರೆ ‘ಎತ್ತಿಕೊಳ್ಳು’, ‘ಲುಕ್ ಆಫ್ಟರ್’ ಎಂದರೆ ‘ನೋಡಿಕೊಳ್ಳು’ ಎಂದು ಒಂದೇ ಪಟ್ಟಿಯಲ್ಲಿ ಬರೆದಾಗ ಎರಡೂ ಒಂದೇ ಜಾತಿಯವೆಂಬ ಭ್ರಮೆ ಹುಟ್ಟುತ್ತದೆ. ಕನ್ನಡದಲ್ಲಿ ಎರಡಕ್ಕೂ ದ್ವಿತೀಯಾ ವಿಭಕ್ತಿಯೇ ಸಲ್ಲುವುದರಿಂದ ಭ್ರಮೆ ಇನ್ನಷ್ಟು ಗಟ್ಟಿಯಾಗುತ್ತದೆ.

ಈಗ ಕುಂದಾಪ್ರ ಕನ್ನಡದ ವಾಕ್ಯಗಳಿಗೆ ಬರೋಣ. ಇಂಗ್ಲಿಷಿನ ಈ ರಚನೆಗಳು ಇಲ್ಲಿ ಮೂರು ದಾರಿಗಳಲ್ಲಿ ಒಳಬಂದಿವೆ. ಕೆಲವೆಡೆ ಕ್ರಿಯಾಪದ ಬಿದ್ದುಹೋಗಿ ನಿಪಾತ ಮಾತ್ರ ಉಳಿದಿದೆ: ‘ಫ್ಯಾನ್ ಆನ್ ಮಾಡ್’, ‘ಪಂಪ್ ಆಫ್ ಆಯ್ತ್’, ‘ಅಂವ ಔಟ್ ಆದ’. ‘ಸ್ವಿಚ್’, ‘ಟರ್ನ್’ ಎಂಬ ಕ್ರಿಯೆಗಳ ಗುರುತೂ ಇಲ್ಲ. ಕೆಲವೆಡೆ ನಿಪಾತ ಬಿದ್ದು ಕ್ರಿಯಾಪದ ಉಳಿದಿದೆ: ‘ನನ್ನ ಬೈಂದೂರಿಗೆ ಡ್ರಾಪ್ ಮಾಡ್’, ಇಲ್ಲವೇ ‘ನಂಗೊಂದ್ ಡ್ರಾಪ್ ಕೊಡ್’. ‘ಡ್ರಾಪ್ ಆಫ್’ನ ‘ಆಫ್’ ಇಲ್ಲಿ ಕಾಣೆ. ಉಳಿದೆಡೆ ಎರಡೂ ಬೆಸೆದು ಒಂದಾಗಿವೆ: ‘ಪಿಕಪ್’, ‘ಫಿಲ್ಲಪ್’, ‘ಚೆಕ್ಕಪ್’, ‘ಬ್ಯಾಕಪ್’, ‘ಲಾಗಿನ್’, ‘ಪಾಸೌಟ್’.

ಯಾವುದು ಬಿದ್ದಿತು, ಯಾವುದು ಉಳಿಯಿತು ಎಂಬುದು ಆಕಸ್ಮಿಕವಲ್ಲ. ‘ಡ್ರಾಪ್’ನ ಜೊತೆಗೆ ‘ಆಫ್’ ಬೇಕಿಲ್ಲದಿರುವುದಕ್ಕೆ ಕಾರಣ ‘ಬೈಂದೂರಿಗೆ’ ಎಂಬಲ್ಲಿನ ಚತುರ್ಥಿ. ಗಮ್ಯವನ್ನು ವಿಭಕ್ತಿಪ್ರತ್ಯಯವೇ ಹೇಳುವಾಗ ನಿಪಾತಕ್ಕೆ ಕೆಲಸವಿಲ್ಲ. ಇನ್ನು ‘ಆನ್’, ‘ಆಫ್’ಗಳು ಉಳಿದದ್ದು ಅವು ಸ್ಥಿತಿಯನ್ನು ಹೆಸರಿಸುವುದರಿಂದ. ಸ್ವಿಚ್ಚಿನ ಮೇಲೆ ಅಚ್ಚಾಗಿರುವುದೂ ಈ ಎರಡು ಪದಗಳೇ. ‘ಫ್ಯಾನ್ ಆನ್ ಇತ್ತ್’ ಎಂದು ಕುಂದಾಪ್ರ ಕನ್ನಡದಲ್ಲಿ ಹೇಳಿದಾಗ ‘ಆನ್’ ಎಂಬುದು ಗುಣವಾಚಕದ ಸ್ಥಾನದಲ್ಲಿದೆ. ಇಲ್ಲಿನ ‘ಇತ್ತ್’ ವರ್ತಮಾನದ್ದು, ಭೂತಕಾಲದ್ದಲ್ಲ. ಬೆಂಗಳೂರಿನಿಂದ ಬಂದವರು ‘ಹಾಗಾದರೆ ಈಗ ಆಫ್ ಆಗಿದೆಯೇ’ ಎಂದು ಕೇಳುವುದು ಈ ಭಾಗದಲ್ಲಿ ಹಳೆಯ ತಮಾಷೆ.

ಮೂರನೆಯ ದಾರಿಯೇ ನಮ್ಮ ವಾದಕ್ಕೆ ಮುಖ್ಯವಾದುದು. ‘ಅವನ್ನ ಪಿಕಪ್ ಮಾಡ್’ ಎಂಬ ವಾಕ್ಯವನ್ನು ನೋಡಿ. ‘ಪಿಕ್ ಅವನ್ನ ಅಪ್ ಮಾಡ್’ ಎಂದು ಯಾರೂ ಹೇಳುವುದಿಲ್ಲ, ಹೇಳಲಾಗುವುದೂ ಇಲ್ಲ. ಕನ್ನಡದಲ್ಲಿ ಕರ್ಮ ಕ್ರಿಯೆಗಿಂತ ಮೊದಲು ಬರುವುದರಿಂದ ಹೀಗೆ ಎಂದು ವಾದಿಸಬಹುದು. ಹಾಗಾದರೆ ಅವಧಾರಣೆಯ ‘ಏ’ ಪ್ರತ್ಯಯವನ್ನು ಪ್ರಯೋಗಿಸಿ ನೋಡೋಣ. ಕನ್ನಡದಲ್ಲಿ ಈ ಪ್ರತ್ಯಯ ಎರಡು ಕ್ರಿಯೆಗಳ ನಡುವೆ ಸಲೀಸಾಗಿ ನುಸುಳುತ್ತದೆ: ‘ತಿಂದೇ ಬಿಟ್ಟ’, ‘ಬಂದೇ ಬಂದ’. ‘ಪಿಕಪ್’ನಲ್ಲಿ ಅದು ‘ಪಿಕ್’ ಮತ್ತು ‘ಅಪ್’ಗಳ ನಡುವೆ ಬರಲಾರದು; ‘ಪಿಕಪ್ಪೇ ಮಾಡ್ಲಿಲ್ಲೆ’ ಎಂದು ಇಡೀ ಪದದ ಕೊನೆಗೆ ಅಂಟುತ್ತದೆ. ಜೊತೆಗೆ ಇದೇ ಪದ ‘ಮಾಡು’ ಇಲ್ಲದೆಯೂ ನಾಮವಾಗಿ ನಿಲ್ಲುತ್ತದೆ. ‘ಗಾಡಿಗೆ ಪಿಕಪ್ಪೇ ಇಲ್ಲೆ’ ಎಂದರೆ ವಾಹನಕ್ಕೆ ವೇಗ ಏರಿಸಿಕೊಳ್ಳುವ ಶಕ್ತಿಯಿಲ್ಲ ಎಂದರ್ಥ. ಗಂಗೊಳ್ಳಿಯ ಬಂದರಿನಲ್ಲಿ ‘ಪಿಕಪ್ ಬಂತ್’ ಎಂದರೆ ಮೀನು ಸಾಗಿಸುವ ಸಣ್ಣ ಸರಕುವಾಹನ ಬಂತೆಂದು ಅರ್ಥ. ಚತುರ್ಥಿ, ಸಪ್ತಮಿ, ಬಹುವಚನ ಎಲ್ಲವೂ ಇದಕ್ಕೆ ಹತ್ತುತ್ತವೆ.

ಧ್ವನಿಯ ಸಾಕ್ಷ್ಯವೂ ಇದೇ ದಿಕ್ಕಿನಲ್ಲಿದೆ. ಹ್ರಸ್ವಸ್ವರದ ಏಕಾಕ್ಷರ ಪದ ವ್ಯಂಜನಾಂತವಾಗಿದ್ದು ಮುಂದೆ ಸ್ವರ ಬಂದರೆ ಆ ವ್ಯಂಜನ ಇಮ್ಮಡಿಸುವುದು ಕನ್ನಡದ ಹಳೆಯ ನಿಯಮ: ‘ಕಣ್’ ಮುಂದೆ ‘ಇಂದ’ ಬಂದರೆ ‘ಕಣ್ಣಿಂದ’, ‘ಕಲ್’ ಮುಂದೆ ‘ಅನ್ನು’ ಬಂದರೆ ‘ಕಲ್ಲನ್ನು’. ‘ಸೆಟ್ಟಪ್’, ‘ಚೆಕ್ಕಪ್’, ‘ಫಿಲ್ಲಪ್’ಗಳಲ್ಲಿ ಆಗಿರುವುದೂ ಇದೇ. ದೀರ್ಘಸ್ವರವಿರುವ ‘ಮೇಕಪ್’, ‘ಬ್ಯಾಕಪ್’, ‘ಲಾಗೌಟ್’ಗಳಲ್ಲಿ ಇಮ್ಮಡಿ ಇಲ್ಲ. ನಿಯಮಕ್ಕೆ ಹೊರಗುಳಿಯುವ ಪದಗಳೂ ಇವೆ. ‘ಕಟೌಟ್’ ಎಂಬುದು ‘ಕಟ್ಟೌಟ್’ ಆಗಿಲ್ಲ, ‘ಪಿಕಪ್’ ಎಂಬುದು ಎಲ್ಲರ ಬಾಯಲ್ಲಿ ‘ಪಿಕ್ಕಪ್’ ಆಗುವುದಿಲ್ಲ. ಇವೆರಡೂ ವಸ್ತುಗಳ ಹೆಸರಾಗಿಯೇ ಇಡಿಯಾಗಿ ಬಂದ ಪದಗಳಿರಬಹುದು ಎಂಬುದು ನಮ್ಮ ಊಹೆ. ಆದರೆ ಇಮ್ಮಡಿಸಿದ್ದಾಗಲಿ ಬಿಟ್ಟಿದ್ದಾಗಲಿ, ಎರಡು ಪದಗಳ ನಡುವಿನ ಬಿಡುವು ಮಾತಿನಲ್ಲಿ ಎಲ್ಲಿಯೂ ಉಳಿದಿಲ್ಲ. ಪತ್ರಿಕೆಗಳಲ್ಲಿ ‘ಚೆಕ್ ಅಪ್’ ಎಂದು ಬಿಡಿಸಿ ಬರೆಯುವುದು ಇಂಗ್ಲಿಷಿನ ಕಾಗುಣಿತಕ್ಕೆ ತೋರುವ ಗೌರವವಷ್ಟೇ.

ಕುಂದಾಪ್ರ ಕನ್ನಡದ ಮತ್ತೊಂದು ಲಕ್ಷಣವನ್ನು ಇಲ್ಲಿ ಗಮನಿಸಬೇಕು. ಮೈಸೂರು ಕಡೆಯ ಕನ್ನಡದಲ್ಲಿ ವ್ಯಂಜನಾಂತ ಎರವಲು ಪದಗಳು ‘ಬಸ್ಸು’, ‘ಸೆಟ್ಟಪ್ಪು’ ಎಂದು ಉಕಾರವನ್ನು ಪಡೆಯುತ್ತವೆ. ಎರವಲು ಎಂಬುದು ಆ ಹೊಂದಾಣಿಕೆಯಲ್ಲೇ ಗೊತ್ತಾಗುತ್ತದೆ. ಕುಂದಾಪ್ರ ಕನ್ನಡದಲ್ಲಿ ದೇಶ್ಯಪದಗಳ ಅಂತ್ಯ ಉಕಾರವೇ ಲೋಪವಾಗುತ್ತದೆ, ಇಲ್ಲವೇ ತೀರ ಕ್ಷೀಣವಾಗಿ ಉಳಿಯುತ್ತದೆ: ‘ಮಾಡ್’, ‘ಬಿಡ್’, ‘ಬಂದ್’, ‘ಹಾಲ್’. ಇಂಥ ಪದಗಳ ನಡುವೆ ‘ಆನ್’, ‘ಆಫ್’, ‘ಪಿಕಪ್’ಗಳು ಹೊರಗಿನವೆಂದು ಕಿವಿಗೆ ಅನಿಸುವುದೇ ಇಲ್ಲ. ಮೇಲಾಗಿ ಇಲ್ಲಿನ ‘ಆಗು’ ಧಾತುವಿನ ರೂಪಗಳಲ್ಲಿ ಹಳಗನ್ನಡದ ಪಕಾರ ಉಳಿದುಕೊಂಡಿದೆ: ‘ಬಪ್ಪುದ್’, ‘ಹೋಪುದ್’ಗಳಂತೆ ‘ಅಪ್ಪುದ್’. ಹೀಗಾಗಿ ‘ಸೆಟ್ಟಪ್ ಅಪ್ಪುದಿಲ್ಲೆ’ ಎಂಬ ಮಾತಿನಲ್ಲಿ ಇಂಗ್ಲಿಷಿನ ‘ಅಪ್’ ಮತ್ತು ಹಳಗನ್ನಡದ ‘ಅಪ್ಪು’ ಅಕ್ಕಪಕ್ಕ ಕುಳಿತಿರುತ್ತವೆ. ‘ಅಪ್ಪುದಲ್ಲ ಹೋಪುದಲ್ಲ’ ಎಂಬ ನುಡಿಗಟ್ಟಿನ ನಾಡಿನಲ್ಲಿ ‘ಅಪ್’ಗೆ ಜಾಗ ಸಿಗುವುದು ಕಷ್ಟವಾಗಿಲ್ಲ.

ಕನ್ನಡ-ಇಂಗ್ಲಿಷ್ ಬೆರಕೆಯನ್ನು ಕುರಿತ ಚರ್ಚೆ ಹೊಸದಲ್ಲ. ಎಸ್. ಎನ್. ಶ್ರೀಧರ್ 1978ರಲ್ಲೇ ಕನ್ನಡದಲ್ಲಿ ಸಂಕೇತಮಿಶ್ರಣದ ಕಾರ್ಯಗಳನ್ನು ಕುರಿತು ಬರೆದಿದ್ದಾರೆ. ಇಂಗ್ಲಿಷ್ ಕ್ರಿಯಾಪದವೊಂದು ‘ಮಾಡು’, ‘ಆಗು’ ಎಂಬ ಲಘುಕ್ರಿಯಾಪದಗಳ ಆಸರೆಯಲ್ಲಿ ಕನ್ನಡಕ್ಕೆ ಬರುತ್ತದೆ ಎಂಬ ಸೂತ್ರ ಈಗ ಎಲ್ಲರಿಗೂ ಪರಿಚಿತ. ಸೂತ್ರ ಸರಿಯೇ. ಆದರೆ ಅದನ್ನು ಫ್ರೇಸಲ್ ಕ್ರಿಯಾಪದಗಳಿಗೆ ಹಾಗೆಯೇ ವಿಸ್ತರಿಸಿ ‘ಫ್ರೇಸಲ್ ಕ್ರಿಯಾಪದ ಮತ್ತು ಮಾಡು’ ಎಂದು ವರ್ಗೀಕರಿಸಿದರೆ ತಪ್ಪಾಗುತ್ತದೆಂಬುದು ನಮ್ಮ ಅಭಿಪ್ರಾಯ. ‘ಮಾಡು’ವಿನ ಹಿಂದೆ ಬಂದಿರುವುದು ಫ್ರೇಸಲ್ ಕ್ರಿಯಾಪದವಲ್ಲ, ಅದರ ಚಲನೆ, ಅದರ ಕ್ರಿಯಾಸ್ಥಿತಿಯ ಅರ್ಥ ಎರಡನ್ನೂ ಕಳೆದುಕೊಂಡ ನಾಮ. ಸಕರ್ಮಕತೆಯನ್ನೂ ಕನ್ನಡವೇ ಹೊಸದಾಗಿ ಹಂಚುತ್ತದೆ. ಇಂಗ್ಲಿಷಿನ ‘ಶಟ್ ಡೌನ್’ ಸಕರ್ಮಕವಾಗಿಯೂ ಅಕರ್ಮಕವಾಗಿಯೂ ಒಂದೇ ರೂಪದಲ್ಲಿ ನಡೆದರೆ, ಕನ್ನಡದಲ್ಲಿ ‘ಶಟ್‌ಡೌನ್ ಮಾಡು’, ‘ಶಟ್‌ಡೌನ್ ಆಗು’ ಎಂದು ಆಯ್ಕೆ ಮಾಡಲೇಬೇಕು.

ಕನ್ನಡಕ್ಕೆ ಇದು ಮೊದಲ ಅನುಭವವೂ ಅಲ್ಲ. ಸಂಸ್ಕೃತದ ಉಪಸರ್ಗಗಳನ್ನು ನೆನೆಯಬಹುದು. ‘ಹೃ’ ಧಾತುವಿನಿಂದ ಆಹಾರ, ವಿಹಾರ, ಸಂಹಾರ, ಪ್ರಹಾರ, ಪರಿಹಾರಗಳು ಹುಟ್ಟುವುದನ್ನು ತೋರಿಸಿ ಫ್ರೇಸಲ್ ಕ್ರಿಯಾಪದವನ್ನು ವಿವರಿಸುವ ಅಧ್ಯಾಪಕರಿದ್ದಾರೆ. ಒಂದೇ ‘ಟೇಕ್’ ಹೇಗೆ ‘ಟೇಕ್ ಆಫ್’, ‘ಟೇಕ್ ಓವರ್’, ‘ಟೇಕ್ ಆನ್’ ಆಗಿ ಅರ್ಥ ಬದಲಿಸುತ್ತದೆಂದು ಹೇಳಲು ಈ ಹೋಲಿಕೆ ಒಳ್ಳೆಯದೇ. ಆದರೆ ಹೋಲಿಕೆಯ ಹೆಚ್ಚು ಫಲವತ್ತಾದ ಅರ್ಧ ಬೇರೆಡೆ ಇದೆ. ವೈದಿಕ ಭಾಷೆಯಲ್ಲಿ ಉಪಸರ್ಗ ಕ್ರಿಯೆಯಿಂದ ದೂರ ನಿಲ್ಲಬಲ್ಲದಾಗಿತ್ತು, ನಡುವೆ ಬೇರೆ ಪದಗಳು ಬರುತ್ತಿದ್ದವು. ಶಾಸ್ತ್ರೀಯ ಸಂಸ್ಕೃತದಲ್ಲಿ ಅದು ಕ್ರಿಯೆಗೆ ಅಂಟಿಕೊಂಡಿತು. ಕನ್ನಡಕ್ಕೆ ಬರುವಾಗ ಅದು ಬಿಡಿಸಲಾಗದ ನಾಮವಾಗಿ ‘ಸಂಹಾರ ಮಾಡು’, ‘ಪ್ರಹಾರ ಮಾಡು’ ಎಂದಾಯಿತು. ಕನ್ನಡಿಗನಿಗೆ ‘ಸಂಹಾರ’ದೊಳಗಿನ ‘ಸಂ’ ಹೇಗೆ ಕೇಳಿಸುವುದಿಲ್ಲವೋ ಹಾಗೆಯೇ ‘ಫಿಲ್ಲಪ್’ನೊಳಗಿನ ‘ಅಪ್’ ಕೇಳಿಸುವುದಿಲ್ಲ. ವ್ಯತ್ಯಾಸ ಒಂದೇ: ಸಂಸ್ಕೃತದ ಪದಗಳಿಗೆ ‘ಇಸು’ ಪ್ರತ್ಯಯದ ದಾರಿ ತೆರೆದಿತ್ತು, ‘ಸಂಹರಿಸು’, ‘ಪರಿಹರಿಸು’ ಎನ್ನಬಹುದಾಗಿತ್ತು, ‘ಪಿಕಪಿಸು’ ಎಂಬುದು ತಮಾಷೆಯಾಗಿ ಮಾತ್ರ ಸಾಧ್ಯ. ಈ ಅಚ್ಚು ಕನ್ನಡಕ್ಕಷ್ಟೇ ಸೀಮಿತವಲ್ಲ. ಬ್ರಹ್ಮಾವರದ ಒಂದೇ ಅಂಗಡಿಯಲ್ಲಿ ‘ಆಫ್’ ಎಂಬುದು ಕನ್ನಡದ ‘ಮಾಡು’, ತುಳುವಿನ ‘ಮಲ್ಪು’, ಕೊಂಕಣಿಯ ‘ಕರ್’ ಧಾತುಗಳೊಡನೆ ಒಂದೇ ರೀತಿಯಲ್ಲಿ ಕೂಡಿಕೊಳ್ಳುತ್ತದೆ. ಎರಡು ಭಾಷಾಕುಟುಂಬಗಳ ಮೂರು ಭಾಷೆಗಳು, ಎರವಲಿನ ಅಚ್ಚು ಒಂದೇ.

ನಿಪಾತ ತನ್ನ ಅರ್ಥವನ್ನು ಕಳೆದುಕೊಂಡಿದೆ ಎಂಬ ಮಾತಿಗೆ ಪುರಾವೆ ಬೇಕು. ಇಂಗ್ಲಿಷಿನಲ್ಲಿ ‘ಈಟ್ ಅಪ್’, ‘ಫಿಲ್ ಅಪ್’, ‘ಯೂಸ್ ಅಪ್’ಗಳ ‘ಅಪ್’ ಕ್ರಿಯೆ ಪೂರ್ತಿಯಾದುದನ್ನು ಸೂಚಿಸುತ್ತದೆ. ಕನ್ನಡದಲ್ಲಿ ಈ ಕೆಲಸವನ್ನು ಮಾಡುವುದು ಕ್ರಿಯಾನ್ಯೂನದ ಮುಂದೆ ಬರುವ ‘ಬಿಡು’, ‘ಹಾಕು’, ‘ಕೊಳ್ಳು’, ‘ಹೋಗು’ ಮುಂತಾದ ಪೋಷಕ ಕ್ರಿಯಾಪದಗಳು. ಹೆರಾಲ್ಡ್ ಶಿಫ್‌ಮನ್ ತಮ್ಮ ಆಡುಗನ್ನಡ ವ್ಯಾಕರಣದಲ್ಲಿ ಇವನ್ನು ಕ್ರಿಯಾಸ್ಥಿತಿಯ ವಾಹಕಗಳೆಂದು ವಿವರಿಸಿದ್ದಾರೆ. ಈಗ ಕುಂದಾಪ್ರ ಕನ್ನಡದಲ್ಲಿ ‘ಫಿಲ್ಲಪ್’ ಹೇಗೆ ನಡೆಯುತ್ತದೆಂದು ನೋಡಿ. ಕೆಲಸ ಮುಗಿಸಬೇಕೆಂದಾಗ ‘ಫಾರಂ ಫಿಲ್ಲಪ್ ಮಾಡಿ ಬಿಡ್’. ನನಗಾಗಿ ಮಾಡೆಂದಾಗ ‘ಫಿಲ್ಲಪ್ ಮಾಡಿ ಕೊಡ್’. ನಿನ್ನದನ್ನು ನೀನೇ ಮಾಡಿ ತಾ ಎಂದಾಗ ‘ಫಿಲ್ಲಪ್ ಮಾಡ್ಕಂಡ್ ಬಾ’. ಪ್ರಯತ್ನಿಸಿ ನೋಡೆಂದಾಗ ‘ಫಿಲ್ಲಪ್ ಮಾಡಿ ಕಾಣ್’. ಶಿಷ್ಟಕನ್ನಡದ ‘ನೋಡು’ ಇರುವಲ್ಲಿ ಇಲ್ಲಿ ‘ಕಾಣ್’ ಬರುತ್ತದೆ. ‘ಅಪ್’ನಲ್ಲಿ ಪೂರ್ಣತೆಯ ಅರ್ಥ ಜೀವಂತವಾಗಿದ್ದರೆ ಮೊದಲ ವಾಕ್ಯದ ‘ಬಿಡ್’ ಪುನರುಕ್ತಿಯಾಗಬೇಕಿತ್ತು. ಯಾರಿಗೂ ಅದು ಪುನರುಕ್ತಿಯೆನಿಸುವುದಿಲ್ಲ. ‘ಬಿಡ್’ ಇಲ್ಲದ ‘ಫಿಲ್ಲಪ್ ಮಾಡ್’ ಎಂಬುದು ಕೇವಲ ತುಂಬುವ ಕ್ರಿಯೆ. ಮುಗಿಯಿತೋ ಇಲ್ಲವೋ ಎಂಬುದನ್ನು ಅದು ಹೇಳುವುದಿಲ್ಲ. ‘ಅರ್ಧ ಫಿಲ್ಲಪ್ ಮಾಡಿ ಇಟ್ಟಿದೆ’ ಎಂದು ನಿರಾತಂಕವಾಗಿ ಹೇಳಬಹುದು.

ಹಾಗಾದರೆ ‘ಕನ್ನಡದ ಫ್ರೇಸಲ್ ಕ್ರಿಯಾಪದಗಳು’ ಎಂದು ಈ ಕೂಡುಕ್ರಿಯೆಗಳನ್ನೇ ಕರೆಯಬಹುದೆ? ಸಂಭಾಷಣೆಯಲ್ಲಿ ಹಾಗೆ ಕರೆಯುವುದುಂಟು. ನಾವು ಅದನ್ನು ಅರ್ಧದಷ್ಟು ಮಾತ್ರ ಒಪ್ಪುತ್ತೇವೆ. ಒಪ್ಪುವ ಅರ್ಧ ಶ್ರೀಮಂತವಾಗಿದೆ. ‘ಬಿಟ್ಟುಕೊಡು’, ‘ಕಂಡುಹಿಡಿ’, ‘ಹೇಳಿಕೊಡು’, ‘ಎತ್ತಿಕಟ್ಟು’, ‘ಎತ್ತಿಹಿಡಿ’, ‘ನೋಡಿಕೊಳ್ಳು’ ಮುಂತಾದವುಗಳ ಅರ್ಥವನ್ನು ಬಿಡಿಪದಗಳ ಅರ್ಥದಿಂದ ಕೂಡಿಸಿ ಪಡೆಯಲಾಗದು. ‘ಕೊಡು’ ಎಂಬ ಧಾತು ‘ಬಿಟ್ಟುಕೊಡು’ವಿನಲ್ಲಿ ಪಡೆದಿರುವ ಅರ್ಥ ‘ಗಿವ್’ ಎಂಬುದು ‘ಗಿವ್ ಅಪ್’ನಲ್ಲಿ ಪಡೆದ ಅರ್ಥಕ್ಕೆ ತೀರ ಹತ್ತಿರ. ಜೊತೆಗೆ ಕನ್ನಡದ ಪೋಷಕ ಕ್ರಿಯಾಪದ ‘ಅಪ್’ಗೆ ಇಲ್ಲದ ಒಂದು ಕೆಲಸವನ್ನೂ ಮಾಡುತ್ತದೆ. ‘ಅಷ್ಟೂ ತಿಂದ್ ಬಿಟ್ಟ’ ಮತ್ತು ‘ಅಷ್ಟೂ ತಿಂದ್ ಹಾಕ್ದ’ ಎರಡರಲ್ಲೂ ತಿಂಡಿ ಖಾಲಿಯಾಗಿದೆ. ಎರಡನೆಯದರಲ್ಲಿ ಮಾತನಾಡುವವರ ಅಸಮಾಧಾನವೂ ಸೇರಿದೆ. ಒಪ್ಪದಿರುವ ಅರ್ಧ ರಚನೆಗೆ ಸಂಬಂಧಿಸಿದ್ದು. ಇಂಗ್ಲಿಷಿನ ನಿಪಾತ ಮೂಲತಃ ದಿಕ್ಕು. ಕನ್ನಡದ ಪೋಷಕ ಪದ ಮೂಲತಃ ಕ್ರಿಯೆ. ಲೆನರ್ಡ್ ಟಾಲ್ಮಿ ಚಲನೆಯ ದಾರಿಯನ್ನು ಕ್ರಿಯಾಪದವೇ ಹೇಳುವ ಭಾಷೆಗಳನ್ನೂ ಅದನ್ನು ಕ್ರಿಯಾಪದದ ಸಂಗಾತಿಗೆ ಬಿಡುವ ಭಾಷೆಗಳನ್ನೂ ಬೇರ್ಪಡಿಸಿದ್ದಾರೆ. ‘ಗೋ ಅಪ್’, ‘ಗೋ ಡೌನ್’ ಎಂಬುದಕ್ಕೆ ಕನ್ನಡದಲ್ಲಿ ‘ಹತ್ತು’, ‘ಇಳಿ’ ಎಂಬ ಧಾತುಗಳೇ ಇ ರುವುದನ್ನು ನೋಡಿದರೆ ಕನ್ನಡ ಬಹುಪಾಲು ಮೊದಲ ಗುಂಪಿನ ಕಡೆಗಿದೆ. ‘ಒಳಹೋಗು’, ‘ಹೊರಬಾ’ ಮೊದಲಾದವು ಈ ವರ್ಗೀಕರಣಕ್ಕೆ ತೊಡಕಾಗಿಯೂ ಇವೆ. ಕನ್ನಡದ ವ್ಯಾಕರಣವನ್ನು ಸಂಸ್ಕೃತದ ಅಚ್ಚಿನಲ್ಲಿ ಎರಕ ಹೊಯ್ಯುವುದನ್ನು ಡಿ. ಎನ್. ಶಂಕರ ಭಟ್ಟರು ‘ಕನ್ನಡಕ್ಕೆ ಬೇಕು ಕನ್ನಡದ್ದೇ ವ್ಯಾಕರಣ’ದಲ್ಲಿ ಆಕ್ಷೇಪಿಸಿದರು. ಕೂಡುಕ್ರಿಯೆಗೆ ಫ್ರೇಸಲ್ ಕ್ರಿಯಾಪದವೆಂಬ ಹೆಸರಿಡುವವರಿಗೂ ಆ ಆಕ್ಷೇಪ ಅನ್ವಯಿಸುತ್ತದೆ. ಅಚ್ಚು ಬದಲಾಗಿದೆ, ಅಭ್ಯಾಸ ಬದಲಾಗಿಲ್ಲ.

ಇಲ್ಲಿಂದ ಮತ್ತೆ ತರಗತಿಗೆ ಮರಳಬಹುದು. ‘ಪಿಕ್ ಅಪ್ ಹಿಮ್’, ‘ಆನ್ ದ ಫ್ಯಾನ್’, ‘ಕೋಪ್ ಅಪ್ ವಿತ್’ ಎಂಬ ಪ್ರಯೋಗಗಳನ್ನು ಭಾರತೀಯ ಇಂಗ್ಲಿಷಿನ ದೋಷಗಳ ಪಟ್ಟಿಯಲ್ಲಿ ಒಟ್ಟಿಗೆ ಸೇರಿಸುವುದು ರೂಢಿ. ಮೂರರ ಕಾರಣವೂ ಅಜಾಗರೂಕತೆಯೆಂದೇ ಆ ಪಟ್ಟಿಗಳ ಧ್ವನಿ. ನಮ್ಮ ವಿಶ್ಲೇಷಣೆಯಲ್ಲಿ ಮೂರಕ್ಕೂ ಬೇರೆಬೇರೆ ಕಾರಣಗಳಿವೆ. ‘ಪಿಕ್ ಅಪ್ ಹಿಮ್’ ಎಂದು ಬರೆದ ವಿದ್ಯಾರ್ಥಿಗೆ ‘ಪಿಕಪ್’ ಒಂದೇ ಪದ. ಒಂದು ಪದದ ಹೊಟ್ಟೆಯೊಳಗೆ ‘ಹಿಮ್’ ಅನ್ನು ಇಡುವುದು ಅವನ ವ್ಯಾಕರಣದಲ್ಲಿ ಅಸಾಧ್ಯ. ‘ಆನ್ ದ ಫ್ಯಾನ್’ ಎಂಬುದು ‘ಆನ್ ಮಾಡ್’ನಿಂದ ‘ಮಾಡ್’ ಅನ್ನು ಕಳೆದ ರೂಪ. ಲಘುಕ್ರಿಯಾಪದ ಕನ್ನಡದ್ದೆಂದು ಗುರುತಿಸಿ ಅದನ್ನು ಬಿಟ್ಟದ್ದರಲ್ಲಿ ಒಂದು ಎಚ್ಚರವೇ ಇದೆ. ‘ಕೋಪ್ ಅಪ್ ವಿತ್’ನ ಕಥೆ ಬೇರೆ. ಅರ್ಥ ಖಾಲಿಯಾದ ‘ಅಪ್’ ಬೇಕಿಲ್ಲದ ಕಡೆ ಸೇರಿಕೊಳ್ಳುತ್ತದೆ, ಬೇಕಾದ ಕಡೆ ಬಿಟ್ಟುಹೋಗುತ್ತದೆ. ಸೇರಿಸಿದರೂ ಬಿಟ್ಟರೂ ವಿದ್ಯಾರ್ಥಿಯ ಕಿವಿಗೆ ಅರ್ಥ ಬದಲಾಗುವುದಿಲ್ಲ. ಈ ಪ್ರಯೋಗಗಳು ಕರಾವಳಿಯವು ಮಾತ್ರವಲ್ಲ, ದೇಶದಾದ್ಯಂತ ಇವೆ ಎಂಬುದು ನಿಜ. ‘ಮಾಡು’, ‘ಮಲ್ಪು’, ‘ಕರ್’ ಮತ್ತು ಹಿಂದಿಯ ‘ಕರನಾ’ ಒಂದೇ ಅಚ್ಚನ್ನು ಹಂಚಿಕೊಂಡಿರುವಾಗ ಅದು ಅಚ್ಚರಿಯೂ ಅಲ್ಲ. ‘ಪಾಸೌಟ್ ಆದ’ ಎಂಬುದನ್ನು ಮಾತ್ರ ನಾವು ಈ ಪಟ್ಟಿಯಿಂದ ಹೊರಗಿಡುತ್ತೇವೆ. ಶಿಕ್ಷಣ ಮುಗಿಸಿ ಹೊರಬರುವುದೆಂಬ ಅರ್ಥ ಬ್ರಿಟಿಷ್ ಸೈನಿಕ ಶಾಲೆಗಳ ಬಳಕೆಯಲ್ಲೇ ಇದೆ. ಮೂರ್ಛೆ ಹೋಗುವುದೆಂಬ ಅರ್ಥವೊಂದನ್ನೇ ಬಲ್ಲವರು ನಗುವುದು ಅವರ ಅನುಭವದ ಮಿತಿ.

ಕನ್ನಡ ಮಾಧ್ಯಮದಲ್ಲಿ ಓದಿ ಪದವಿಪೂರ್ವ ತರಗತಿಗೆ ಬಂದವರು ಅಂಕ ಕಳೆದುಕೊಳ್ಳುವುದು ಹೆಚ್ಚಾಗಿ ಇಂಥ ಸಣ್ಣ ಜಾಗಗಳಲ್ಲಿ. ಇಲ್ಲಿ ಹೊಸ ಪಟ್ಟಿಯಿಂದ ಪ್ರಯೋಜನವಿಲ್ಲ. ‘ಪಿಕಪ್’ ಎಂಬ ಕನ್ನಡ ನಾಮ ಮತ್ತು ‘ಪಿಕ್ ಅಪ್’ ಎಂಬ ಇಂಗ್ಲಿಷ್ ಕ್ರಿಯೆ ಬೇರೆಬೇರೆ ವಸ್ತುಗಳೆಂದು ತೋರಿಸುವುದೇ ಮೊದಲ ಪಾಠವಾಗಬೇಕು. ಅದಕ್ಕೆ ಬೇಕಾದ ಸಾಮಗ್ರಿ ವಿದ್ಯಾರ್ಥಿಯ ಮನೆಮಾತಿನಲ್ಲೇ ಇದೆ: ‘ಪಿಕಪ್ಪೇ ಮಾಡ್ಲಿಲ್ಲೆ’ ಎಂಬಲ್ಲಿ ‘ಏ’ ಎಲ್ಲಿ ಬಂತು, ಇಂಗ್ಲಿಷಿನಲ್ಲಿ ‘ಹಿಮ್’ ಎಲ್ಲಿ ಬರುತ್ತದೆ ಎಂದು ಪಕ್ಕಪಕ್ಕದಲ್ಲಿಟ್ಟು ಕೇಳಿದರೆ ಹದಿನಾರರ ಹುಡುಗಿಗೂ ಉತ್ತರ ಹೊಳೆಯುತ್ತದೆ. ನಿಘಂಟುಕಾರರಿಗೂ ಇಲ್ಲೊಂದು ಕೆಲಸ ಬಾಕಿಯಿದೆ. ಉಪಭಾಷೆಯ ನಿಘಂಟುಗಳು ಅಪರೂಪದ ದೇಶ್ಯಪದಗಳನ್ನು ಉಳಿಸಿಕೊಳ್ಳುವ ಆತುರದಲ್ಲಿ ‘ಫಿಲ್ಲಪ್’, ‘ಪಿಕಪ್’ಗಳನ್ನು ಇಂಗ್ಲಿಷೆಂದು ಹೊರಗಿಡುವುದು ಸುಲಭ. ವೇಗೋತ್ಕರ್ಷ, ಸರಕುವಾಹನ, ಕರೆದುಕೊಂಡು ಬರುವುದು ಎಂಬ ಮೂರು ಅರ್ಥಗಳೊಡನೆ, ನಾಮವೆಂಬ ವ್ಯಾಕರಣಸೂಚನೆಯೊಡನೆ, ‘ಪಿಕಪ್’ ಪಕಾರದಲ್ಲಿ ದಾಖಲಾಗಬೇಕಾದ ಪದ. ಅಲ್ಲಿ ಅದನ್ನು ಎರಡು ಪದವಾಗಿ ಒಡೆದು ಬರೆಯಕೂಡದು.